ಪಕ್ಕದ ಸೀಟಿನ ಸಿನಿಮಾ

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳುವುದು ಸುಲಭ. ಅವರು ಕೊಡುವ ಉತ್ತರ ಅರ್ಥವಾಗಬೇಕಾದರೆ ಸ್ವಲ್ಪ ಸಾಧನೆ ಬೇಕು. ‘ಒಂದ್ಸಲ ನೋಡಬಹುದು’ ಎಂದರೆ, ಹೇಳಿದವರಿಗೆ ಆ ಒಂದು ಸಲ ನೋಡಿದ್ದಕ್ಕೇ ಪಶ್ಚಾತ್ತಾಪವಿದೆ, ಆದರೆ ನೀವೊಬ್ಬರೇ ತಪ್ಪಿಸಿಕೊಳ್ಳುವುದು ಅವರಿಗೆ ಇಷ್ಟವಿಲ್ಲ. ‘ಫ್ಯಾಮಿಲಿ ಜೊತೆ ನೋಡಬಹುದು’ ಎಂದರೆ, ಮಕ್ಕಳ ಎದುರು ಚಾವಣಿ ನೋಡಬೇಕಾದ ಸಂದರ್ಭ ಬರುವುದಿಲ್ಲ, ಬೇರೆ ಏನೂ ಬರುವುದಿಲ್ಲ. ‘ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು’ ಎಂದರೆ ಇಂಟರ್ವಲ್ಲಿನಲ್ಲಿ ತಿಂದದ್ದು ಜಾಸ್ತಿಯಾಗಿ ಕಣ್ಣು ಎಳೆಯಿತು. ‘ಮೇಕಿಂಗ್ ಸೂಪರ್’ ಎಂದರೆ ಕಥೆ ಇರಲಿಲ್ಲ. ‘ಒಳ್ಳೆ ಮೆಸೇಜ್ ಇದೆ’ ಎಂದರೆ ಕಥೆಯೂ ಇರಲಿಲ್ಲ, ಮೇಕಿಂಗೂ ಇರಲಿಲ್ಲ. ಇನ್ನು ‘ಚೆನ್ನಾಗಿದೆ, ಆದ್ರೆ ನಿಮಗೆ ಇಷ್ಟ ಆಗಲ್ಲ’ ಎನ್ನುವವರಿದ್ದಾರಲ್ಲ, ಅವರಿಂದ ಸ್ವಲ್ಪ ದೂರವಿರಿ. ಅದು ಸಿನಿಮಾದ ಬಗ್ಗೆ ಆಡಿದ ಮಾತಲ್ಲ, ನಿಮ್ಮ ಬಗ್ಗೆ ಆಡಿದ್ದು.

1934ರಲ್ಲಿ ‘ಸತಿ ಸುಲೋಚನ’ ಕನ್ನಡ ಮಾತಾಡಿದ ದಿನದಿಂದ ಇವತ್ತಿನವರೆಗೂ ನಿರ್ಮಾಪಕರು ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ: ಜನಕ್ಕೆ ಏನು ಬೇಕು? ಉತ್ತರ ಸಿಕ್ಕಿದ್ದರೆ ಗಾಂಧಿನಗರದಲ್ಲಿ ಇಷ್ಟು ಜನ ಮನೆ, ತೋಟ ಮಾರಿಕೊಳ್ಳುತ್ತಿರಲಿಲ್ಲ. ಅವರು ಹುಡುಕುತ್ತಿರುವ ಜಾಗವೇ ಸರಿಯಿಲ್ಲವೇನೋ ಎಂದು ನನಗೆ ಅನುಮಾನ. ತೆರೆಯ ಮೇಲೆ ಹುಡುಕುತ್ತಾರೆ. ಅದು ಇರುವುದು ಸೀಟುಗಳಲ್ಲಿ, ಅದರಲ್ಲೂ ನಮ್ಮ ಪಕ್ಕದ ಸೀಟಿನಲ್ಲಿ.

ಹಬ್ಬದ ಮರುದಿನ ನಮ್ಮ ಮನೆಯವರು ಸಿನಿಮಾಕ್ಕೆ ಹೊರಟರೆ ಒಂದು ಸಾಲು ಪೂರ್ತಿ ನಮ್ಮದೇ. ತುದಿಯಲ್ಲಿ ಚಿಕ್ಕಪ್ಪ. ಆರ್‌ಟಿಒ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಥೆ ಶಿವಮೊಗ್ಗದಲ್ಲಿ ನಡೆಯುತ್ತಿದೆ, ನಾಯಕಿಯ ಅಪ್ಪನ ಕಾರಿಗೆ ಕೆಎ-09 ನಂಬರ್ ಪ್ಲೇಟ್ ಇದೆ ಎಂದಿಟ್ಟುಕೊಳ್ಳಿ. ‘ಮೈಸೂರು ಗಾಡಿ ಕಣೋ ಇದು! ಶಿವಮೊಗ್ಗ ಹದಿನಾಲ್ಕು!’ ಅಲ್ಲಿಂದಾಚೆಗೆ ನಾಯಕಿ ವಿಷ ಕುಡಿಯಲಿ, ನಾಯಕ ಗೋಡೆ ಒಡೆದುಕೊಂಡು ಬರಲಿ, ಚಿಕ್ಕಪ್ಪ ಮಾತ್ರ ಆ ಕಾರಿನ ಹಿಂದೆಯೇ ಇರುತ್ತಾರೆ. ‘ಸೆಕೆಂಡ್ ಹ್ಯಾಂಡ್ ತಗೊಂಡಿರಬಹುದು ಬಿಡಿ’ ಎಂದು ಸಮಾಧಾನ ಹೇಳಿದರೆ, ಹಾಗಿದ್ದರೂ ವಿಳಾಸ ಬದಲಾವಣೆಗೆ ಅರ್ಜಿ ಹಾಕಬೇಕಿತ್ತು ಎನ್ನುತ್ತಾರೆ. ಪಾಪ, ಬೇಜಾರಾಗಿದ್ದಾರೆ ಎಂದುಕೊಳ್ಳಬೇಡಿ. ಕೊಟ್ಟ ದುಡ್ಡು ವಸೂಲಾದ ಖುಷಿ ಅದು. ತಪ್ಪು ಸಿಗದ ಸಿನಿಮಾದಿಂದ ಬಂದ ದಿನ ಅವರು ಸರಿಯಾಗಿ ಊಟ ಕೂಡ ಮಾಡುವುದಿಲ್ಲ.

ಅವರ ಪಕ್ಕ ಅತ್ತೆ, ನಮ್ಮ ಅಪ್ಪನ ಅಕ್ಕ. ಅತ್ತೆಗೆ ಸಂಬಂಧ ಮುಖ್ಯ. ತೆರೆಯ ಮೇಲೆ ಹೊಸ ಮುಖ ಕಾಣುವುದೇ ತಡ, ‘ಇವಳು ಯಾರು? ಅವನಿಗೇನಾಗಬೇಕು?’ ಒಮ್ಮೆ ಇದು ಇತ್ಯರ್ಥವಾಯಿತೆಂದರೆ ಮುಂದಿನ ಕಥೆಯನ್ನು ನಿರ್ದೇಶಕರಿಗಿಂತ ಮೊದಲು ಅವರೇ ಹೇಳುತ್ತಾರೆ. ‘ಆ ಕೆಲಸದವಳೇ ಇವನ ಹೆತ್ತ ತಾಯಿ, ನೋಡ್ತಾ ಇರು.’ ಎರಡು ಗಂಟೆ ಮುಚ್ಚಿಟ್ಟ ಗುಟ್ಟು ಹತ್ತನೇ ನಿಮಿಷಕ್ಕೆ ಬಯಲು. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಸಿಟ್ಟಿಗಲ್ಲ, ‘ಹಾಗಾದ್ರೆ ಕೊಲೆ ಮಾಡಿದ್ದು ಯಾರಮ್ಮ?’ ಎಂದು ಕೇಳುವುದಕ್ಕೆ. ಅತ್ತೆಯ ಯಜಮಾನರು, ನಮ್ಮ ಮಾವ, ನಿದ್ದೆ ಮಾಡುವುದಕ್ಕೆಂದೇ ಬರುತ್ತಾರೆ. ಮನೆಯ ಮಂಚದ ಮೇಲೆ ಬಾರದ ನಿದ್ದೆ ಅವರಿಗೆ ಹೊಡೆದಾಟದ ಸದ್ದಿನಲ್ಲಿ ಬರುತ್ತದೆ. ಸದ್ದು ನಿಂತರೆ ಎಚ್ಚರ. ಎಂಥ ಚಿತ್ರವಾದರೂ ಅವರ ವಿಮರ್ಶೆ ಒಂದೇ: ‘ಚೆನ್ನಾಗಿತ್ತು, ಆರಾಮಾಯ್ತು.’ ಇಂಥ ಪ್ರೇಕ್ಷಕರು ಊರಿಗೆ ಸಾವಿರ ಜನ ಸಿಕ್ಕಿದ್ದರೆ ಯಾವ ನಿರ್ಮಾಪಕನೂ ಸಾಲಗಾರನಾಗುತ್ತಿರಲಿಲ್ಲ.

ಇವರ ಮಧ್ಯೆ ತಂಗಿಯ ಮಗ. ಸಾಫ್ಟ್‌ವೇರ್ ಕೆಲಸ, ಸಿನಿಮಾ ಹುಚ್ಚು. ಅವನು ಸಿನಿಮಾ ನೋಡುವುದಿಲ್ಲ, ಫ್ರೇಮ್ ನೋಡುತ್ತಾನೆ. ‘ಅವಳು ಯಾರ ಮಗಳೋ?’ ಎಂದು ಅತ್ತೆ ಕೇಳಿದರೆ, ‘ಅಜ್ಜಿ, ಕಲರ್ ಗ್ರೇಡಿಂಗ್ ನೋಡಿ’ ಎನ್ನುತ್ತಾನೆ. ಅತ್ತೆ ಅದೂ ಒಂದು ಸಂಬಂಧವೇ ಇರಬೇಕೆಂದು ಸುಮ್ಮನಾಗುತ್ತಾರೆ.

ಈ ಫಜೀತಿ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಕೈ ಬೆರಳು, ಕಣ್ಣು ಗುಡ್ಡೆ, ಹುಬ್ಬು ಎಲ್ಲ ಹೇಗೆ ಆಡಿಸಬೇಕೆಂದು ನಟರಿಗೆ ಹೇಳಿಕೊಟ್ಟು ಮುಗಿಸಿ, ಇಪ್ಪತ್ತೇಳನೆಯ ಅಧ್ಯಾಯದ ಹೊತ್ತಿಗೆ ಒಮ್ಮೆ ತಿರುಗಿ ಪ್ರೇಕ್ಷಕರ ಕಡೆ ನೋಡುತ್ತಾನೆ. ಹರೆಯದವರಿಗೆ ಪ್ರೇಮ ಬೇಕು, ದುಡ್ಡಿನವರಿಗೆ ದುಡ್ಡಿನ ಮಾತು ಬೇಕು, ವಿರಾಗಿಗೆ ಮೋಕ್ಷ, ಶೂರರಿಗೆ ಹೊಡೆದಾಟ ಬಡಿದಾಟ, ಮುದುಕರಿಗೆ ಪುರಾಣ ಪುಣ್ಯಕಥೆ ಎಂದು ಬರೆಯುತ್ತಾನೆ. ಇವತ್ತಿನ ವಿತರಕರು ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಎಂದು ಹಾಕುವ ಲೆಕ್ಕದ ಮೂಲಪ್ರತಿ ಇದು. ಅಲ್ಲಿಯವರೆಗೆ ಸರಿ. ಆಮೇಲೆ ಮುನಿ ಹೆಂಗಸರು, ಮಕ್ಕಳು, ಮೂರ್ಖರು ಈ ಮೂವರನ್ನೂ ಒಂದೇ ಗುಂಪಿಗೆ ಹಾಕಿ, ಇವರಿಗೆ ಹಾಸ್ಯ ಮತ್ತು ವೇಷಭೂಷಣ ಇದ್ದರೆ ಸಾಕು ಎಂದುಬಿಡುತ್ತಾನೆ. ಈ ಸಾಲನ್ನು ಅತ್ತೆಗೆ ಓದಿ ಹೇಳುವ ಧೈರ್ಯ ನನಗಂತೂ ಇಲ್ಲ. ವೇಷಕ್ಕೆ ಮರುಳಾಗುವವರು ಹೆಂಗಸರು ಎಂದು ಬರೆದ ಮುನಿ, ‘ಕೆಜಿಎಫ್’ ಬಂದ 2018ರ ನಂತರ ನಮ್ಮ ಬೀದಿಯಲ್ಲಿ ಎದೆಯವರೆಗೆ ಗಡ್ಡ ಬಿಟ್ಟುಕೊಂಡು ಓಡಾಡಿದ ಗಂಡಸರನ್ನು ನೋಡಿದ್ದರೆ ಎರಡನೇ ಮುದ್ರಣದಲ್ಲಾದರೂ ತಿದ್ದುತ್ತಿದ್ದ.

ಆದರೆ ಮುನಿಗೆ ಲೋಕಾನುಭವ ಇತ್ತು, ಅದನ್ನು ಒಪ್ಪಬೇಕು. ಪ್ರದರ್ಶನ ಕೆಡಿಸಲು ಶತ್ರುಗಳು ಏನೇನು ಮಾಡುತ್ತಾರೆಂದೂ ಅವನು ಹೇಳುತ್ತಾನೆ. ಗಲಾಟೆ ಮಾಡುತ್ತಾರೆ, ಸಗಣಿ ಎಸೆಯುತ್ತಾರೆ, ಮಣ್ಣಿನ ಹೆಂಟೆ ಎಸೆಯುತ್ತಾರೆ, ಇರುವೆ ತಂದು ಬಿಡುತ್ತಾರೆ. ಈಗಿನ ಅಭಿಮಾನಿಗಳು ಎಷ್ಟೋ ಸುಧಾರಿಸಿದ್ದಾರೆ. ಎದುರು ಬಣದ ಹೀರೋನ ಚಿತ್ರ ಬಿಡುಗಡೆಯಾದ ಬೆಳಿಗ್ಗೆ, ಸಿನಿಮಾ ನೋಡದೆಯೇ, ಮೊಬೈಲಿನಲ್ಲಿ ಒಂದು ಸ್ಟಾರ್ ಒತ್ತಿ ಮಲಗುತ್ತಾರೆ. ಇರುವೆ ಹಿಡಿಯುವ ಶ್ರಮ ಯಾರಿಗೆ ಬೇಕು?

ಭರತನನ್ನು ಓದದೆಯೇ ಪಾಲಿಸಿದವರು ನಮ್ಮ ಹಳೆಯ ಚಿತ್ರಗಳನ್ನು ಮಾಡಿದವರು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ವರ್ಗ. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಕೇಳಿತೆಂದರೆ ಆಟ ಶುರುವಾಯಿತೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಒಲೆ ಆರಿಸಿ ಓಡಬೇಕು. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಕುರ್ಚಿಯವರಿಗಿಂತ ಎತ್ತರದಲ್ಲಿ ಕೂರುತ್ತಿದ್ದರು. ಈ ಮೂರು ವರ್ಗಕ್ಕೂ ಅದೇ ರೀಲಿನಲ್ಲಿ ಪಾಲು ಸಿಗಬೇಕು. ಮುದುಕರಿಗೆ ದೇವರು ಪ್ರತ್ಯಕ್ಷನಾಗಬೇಕು, ಹುಡುಗರಿಗೆ ಕತ್ತಿವರಸೆ ಬೇಕು, ಅಮ್ಮಂದಿರಿಗೆ ಪಂಢರೀಬಾಯಿಯವರ ಕಣ್ಣೀರು, ಮಕ್ಕಳಿಗೆ ನರಸಿಂಹರಾಜು. ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಸೇರಿ ಮಾಡುವ ಹಾಸ್ಯಕ್ಕೂ ಕಥೆಗೂ ಎಷ್ಟೋ ಸಲ ನಂಟೇ ಇರುತ್ತಿರಲಿಲ್ಲ. ಇರಬೇಕೆಂದು ಯಾರೂ ಕೇಳಲೂ ಇಲ್ಲ. ಮದುವೆ ಊಟದ ಎಲೆಯ ಹಾಗೆ: ಹೋಳಿಗೆಗೆಂದೇ ಬಂದವನು ಕೋಸಂಬರಿ ಮುಟ್ಟದೆ ಎದ್ದರೆ ಯಾರೂ ಬೈಯುವುದಿಲ್ಲ, ಆದರೆ ಎಲೆಯಲ್ಲಿ ಕೋಸಂಬರಿ ಇರಲೇಬೇಕು. ಈಗಿನ ವಿಮರ್ಶಕರು ಇದನ್ನು ಮಸಾಲೆ ಎಂದು ಹೀಯಾಳಿಸುತ್ತಾರೆ. ನನಗೆ ಅದರಲ್ಲಿ ಒಂದು ದೊಡ್ಡ ಮರ್ಯಾದೆ ಕಾಣುತ್ತದೆ. ಮೊಮ್ಮಗ ಕತ್ತಿಗೆ ಕಾಯುತ್ತ ಅಜ್ಜಿಯ ದೇವರನ್ನು ಸಹಿಸಿಕೊಂಡ, ಅಜ್ಜಿ ದೇವರಿಗೆ ಕಾಯುತ್ತ ಮೊಮ್ಮಗನ ಕತ್ತಿಯನ್ನು ಸಹಿಸಿಕೊಂಡರು.

1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಷ್ಟು ಕಾಲ ಓಡಿದ್ದು ಒಂದೇ ಸಿನಿಮಾ ಎಂದು ನನಗೆ ನಂಬಿಕೆಯಿಲ್ಲ. ಓದಿದ ಹುಡುಗರು ಅದರಲ್ಲಿ ಬೇಸಾಯ ನೋಡಿದರು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರ ಕಥೆ ಇವತ್ತಿಗೂ ಹೇಳುತ್ತಾರೆ. ಹಿಡಿದವರು ಎಷ್ಟು ದಿನಕ್ಕೆ ಬಿಟ್ಟರು ಎಂಬ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊಸದಾಗಿ ಮದುವೆಯಾದವರು ರಾಜಕುಮಾರ್, ಭಾರತಿ ಜೋಡಿಯನ್ನು ನೋಡಿದರು. ಅಕ್ಕತಂಗಿಯರೆಲ್ಲ ನೋಡಿದ್ದು ಬೇರೆಯೇ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರವನ್ನು ತಮ್ಮ ರಾಜೀವ ಹೆಗಲ ಮೇಲೆ ಹೊತ್ತ ಕಥೆ ಅದು. ಹೊತ್ತು, ಬೆಳೆಸಿ, ಕೊನೆಗೆ ಅಕ್ಕನ ಮಗನಿಂದಲೇ ಮಾತು ಕೇಳಿ ಮನೆ ಬಿಟ್ಟು ನಡೆದೇಬಿಡುತ್ತಾನೆ. ಆ ಚಿತ್ರ ಬಂದ ಮೇಲೆ ಕರ್ನಾಟಕದ ಸೋದರಮಾವಂದಿರಿಗೆ ನೆಮ್ಮದಿ ಇಲ್ಲ. ಫೀಸು, ಪುಸ್ತಕ, ಬೈಕು ಎಲ್ಲದಕ್ಕೂ ರಾಜೀವನ ಅಳತೆ. ಕೊನೆಗೆ ಮನೆ ಬಿಟ್ಟು ಹೋಗುವುದಕ್ಕಾದರೂ ಬಿಡುತ್ತಾರೆಯೇ ಎಂದರೆ ಅದೂ ಇಲ್ಲ.

ನಮ್ಮ ದೊಡ್ಡಪ್ಪ ಮಾತ್ರ ಆ ಚಿತ್ರದಲ್ಲಿ ಬೇಸಾಯವನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ರಾಜಕುಮಾರರನ್ನು ನೋಡಿದರು, ಅಷ್ಟೆ. ಅಭಿಮಾನಿಗೆ ಸಿನಿಮಾ ಎಂದರೆ ದರ್ಶನ. ಗರ್ಭಗುಡಿಯ ಮುಂದೆ ನಿಂತವನು ‘ಇವತ್ತು ಚಿತ್ರಕಥೆ ಸ್ವಲ್ಪ ಸಡಿಲ’ ಎನ್ನುತ್ತಾನೆಯೇ? 1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಜನ ಸಾಲುಗಟ್ಟಿ ಹೋದರು. ದೊಡ್ಡಪ್ಪ ಹೋಗಲಿಲ್ಲ. ಇದ್ದದ್ದನ್ನೆಲ್ಲ ದಾನ ಮಾಡಿ ಬರಿಗೈಯಾದ ಮನುಷ್ಯನ ಕಥೆ ಅದು. ‘ಅನ್ನಕ್ಕಿಲ್ಲದೆ ಕೂತಿದ್ದಾನೆ, ಗೋಡೆಗೆ ಬಣ್ಣ ಹೊಡೆಸಿದ್ದು ಯಾರು?’ ಎಂದು ಕೇಳಿದರು. ಇಂಥ ಪ್ರಶ್ನೆಗೆ ಯಾವ ತಂತ್ರಜ್ಞ ಉತ್ತರ ಕೊಡುತ್ತಾನೆ?

ಅಳುವುದರ ಬಗ್ಗೆಯೂ ನಮಗೊಂದು ತಪ್ಪು ತಿಳಿವಳಿಕೆ ಇದೆ. ಕಣ್ಣಲ್ಲಿ ನೀರು ತುಂಬಿಕೊಂಡರೆ ಬೇರೇನೂ ಕಾಣುವುದಿಲ್ಲ ಎಂದು ಗಂಡಸರು ಭಾವಿಸಿದ್ದಾರೆ. ‘ಶರಪಂಜರ’ ನೋಡಿ ಬಂದ ತಲೆಮಾರಿನ ಹೆಂಗಸರನ್ನು ಕೇಳಿ. ನಾಯಕಿ ಕಾವೇರಿಯ ಗತಿ ನೋಡಿ ಸೆರಗು ಒದ್ದೆಯಾಗುವಷ್ಟು ಅತ್ತವರೇ, ಕಲ್ಪನಾ ಯಾವ ದೃಶ್ಯದಲ್ಲಿ ಎಂಥ ರವಿಕೆ ತೊಟ್ಟಿದ್ದರು, ಸೆರಗು ಹೇಗೆ ಹೊದ್ದಿದ್ದರು, ಕೂದಲು ಹೇಗೆ ಕಟ್ಟಿದ್ದರು ಎಂದು ದರ್ಜಿಗೆ ಹೇಳಿ ಹೊಲಿಸಬಲ್ಲಷ್ಟು ಕರಾರುವಾಕ್ಕಾಗಿ ಹೇಳುತ್ತಾರೆ. ದುಃಖ ಒಂದು ಕಣ್ಣಿಗೆ, ರವಿಕೆ ಇನ್ನೊಂದು ಕಣ್ಣಿಗೆ. ಎರಡರಲ್ಲಿ ಯಾವುದೂ ಸುಳ್ಳಲ್ಲ.

ಇನ್ನು 2006ರ ಕೊನೆಯ ವಾರ ಶುರುವಾದ ಆ ಮಳೆ. ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ಕಳೆದರೂ ನಿಲ್ಲಲಿಲ್ಲ. ಹುಡುಗರು ಗಣೇಶ್ ಮಾತಿಗೆ ಬಿದ್ದರು, ಹುಡುಗಿಯರು ಹಾಡಿಗೆ ಬಿದ್ದರು. ಹುಡುಗ ತಾನಾಗಿ ಹಿಂದೆ ಸರಿದು ಹುಡುಗಿಯ ಮದುವೆ ಸಾಂಗವಾಗಿ ನಡೆಯಲು ಬಿಟ್ಟ ಎಂದು ಅಪ್ಪ ಅಮ್ಮಂದಿರು ನೆಮ್ಮದಿಯಾದರು. ಮಕ್ಕಳೆಲ್ಲ ಮೊಲ ಸತ್ತಿತೆಂದು ಅತ್ತರು. ಪ್ರತಿಯೊಬ್ಬರಿಗೂ ಬೇಕಾದದ್ದು ಸಿಕ್ಕಿತು, ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತನೊಬ್ಬನಿಗೆ ಬಿಟ್ಟು. ಅವನಿಗೆ ಸಿನಿಮಾ ಪೂರ್ತಿ ಒಂದೇ ಚಿಂತೆ. ‘ಅಷ್ಟು ಹೊತ್ತು ಹುಲ್ಲಲ್ಲಿ ಓಡಾಡ್ತಾರೆ, ಒಂದು ಇಂಬಳನೂ ಹತ್ತಲ್ವಲ್ಲೋ! ತಲೆ ಮೇಲೆ ಕಂಬಳಿ ಕೊಪ್ಪೆ ಇಲ್ಲ. ಆ ಪ್ಯಾಂಟು ಒಣಗೋದು ಯಾವಾಗ?’ ಜೂನ್ ಬಂದರೆ ಅಡಿಕೆಗೆ ಕೊಳೆ, ಬಟ್ಟೆಗೆ ಬೂಷ್ಟು, ಕರೆಂಟಿಗೆ ರಜೆ ಎಂದು ಬೆಳೆದವನು ಅವನು. ಮಳೆ ಬಿದ್ದರೆ ಪ್ರೇಮ ಹುಟ್ಟುತ್ತದೆ ಎಂದು ನಂಬಬೇಕಾದರೆ ಬಯಲುಸೀಮೆಯಲ್ಲೇ ಹುಟ್ಟಿರಬೇಕು ಎಂಬುದು ಅವನ ವಾದ. ಆದರೂ ಅವನು ಎರಡನೇ ಸಲ ಹೋದ. ಯಾಕೋ ಎಂದರೆ, ‘ಜೋಗ ಚೆನ್ನಾಗಿ ತೋರಿಸಿದಾರೆ ಕಣೋ’ ಎಂದ.

ಎರಡನೇ ಸಲ ಹೋಗುವುದರ ಬಗ್ಗೆ ಮಾತಾಡುವುದಾದರೆ ಉಪೇಂದ್ರರನ್ನು ನೆನೆಯದೆ ಹೇಗೆ? 1998ರಲ್ಲಿ ‘ಎ’ ಬಂದಾಗ ಪೋಸ್ಟರಿನ ಮೇಲೆ ‘ಬುದ್ಧಿವಂತರಿಗೆ ಮಾತ್ರ’ ಎಂದು ಹಾಕಿಬಿಟ್ಟರು. ಇದಕ್ಕಿಂತ ಚತುರ ವ್ಯಾಪಾರ ಕನ್ನಡದಲ್ಲಿ ನಡೆದಿಲ್ಲ. ಕಥೆ ಹಿಂದೆ ಮುಂದೆ ಓಡುತ್ತದೆ, ಯಾವುದು ಮೊದಲು ಯಾವುದು ಆಮೇಲೆ ತಿಳಿಯದು. ಹೊರಗೆ ಬಂದವನನ್ನು ‘ಅರ್ಥ ಆಯ್ತಾ?’ ಎಂದರೆ ಇಲ್ಲ ಎನ್ನುವಂತಿಲ್ಲ. ಪೋಸ್ಟರ್ ಎದುರಿಗೇ ಇದೆ. ‘ಏನು ಅರ್ಥ ಆಯ್ತು?’ ಎಂದು ಮುಂದಿನ ಪ್ರಶ್ನೆ ಬರುವ ಮೊದಲು ಇನ್ನೊಂದು ಟಿಕೆಟ್ ತೆಗೆಯುವುದೇ ವಾಸಿ. ಅರ್ಥವಾಗದ್ದರಲ್ಲೂ ಒಂದು ಸುಖವಿದೆ, ಅದಕ್ಕೆ ಗಿರಾಕಿಗಳೂ ಇದ್ದಾರೆ ಎಂದು ಆ ವರ್ಷ ಗೊತ್ತಾಯಿತು. ಆದರೆ ಆ ಗಿರಾಕಿಗಳು ಸಮಯಕ್ಕೆ ಸರಿಯಾಗಿ ಬರುವವರಲ್ಲ. 2014ರಲ್ಲಿ ‘ಉಳಿದವರು ಕಂಡಂತೆ’ ಒಂದೇ ಘಟನೆಯನ್ನು ಒಬ್ಬೊಬ್ಬರ ಕಣ್ಣಿನಿಂದ ತೋರಿಸಿದಾಗ ಥಿಯೇಟರಿನಲ್ಲಿ ಸೀಟು ಖಾಲಿ. ಈಗ ಅದನ್ನು ಮೆಚ್ಚದವರು ಸಿಗುವುದೇ ಕಷ್ಟ. ಇಷ್ಟು ಜನ ಆಗ ಎಲ್ಲಿದ್ದರೋ!

ಪ್ರಶಸ್ತಿ ಬಂದ ಚಿತ್ರಗಳಿಗೆ ಬೇರೆ ಬಗೆಯ ಪ್ರೇಕ್ಷಕರು ಎಂದು ಸಾಮಾನ್ಯ ನಂಬಿಕೆ. ಗಡ್ಡ, ಜೋಳಿಗೆ, ಇಂಟರ್ವಲ್ ಇಲ್ಲದ ಮುಖ. ಅದೂ ಅರ್ಧ ನಿಜ. ‘ತಿಥಿ’ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು 2016ರಲ್ಲಿ ನಮ್ಮೂರಿಗೆ ಬಂದಾಗ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದ ಭಾವನನ್ನು ಕರೆದುಕೊಂಡು ಹೋಗಿದ್ದೆ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ, ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮೊಮ್ಮಗ ತಮ್ಮಣ್ಣನಿಗೆ ಅದು ಬೇಕೇಬೇಕು. ತಂಗಿಯ ಮಗ ಪಕ್ಕದಲ್ಲಿ ಕೂತು ಸಾವು, ಬಿಡುಗಡೆ, ಮೌನ ಎಂದೆಲ್ಲ ಪಿಸುಗುಡುತ್ತಿದ್ದ. ಭಾವ ಮಾ‌ತ್ರ ಸೀಟಿನ ತುದಿಗೆ ಬಂದಿದ್ದರು. ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಲು ತಮ್ಮಣ್ಣ ಓಡಾಡುವಾಗ ಅವರಿಗೆ ಬೆವರು. ‘ಪೌತಿ ಖಾತೆ ಅಷ್ಟು ಸುಲಭ ಅಲ್ಲ ಮಾರಾಯ. ವಂಶವೃಕ್ಷ ಬೇಕು, ಸ್ಥಳ ಮಹಜರು ಆಗಬೇಕು. ಸಿಕ್ಕಿಬಿದ್ರೆ ಕಚೇರಿಯವರ ಗತಿ ಏನು?’ ನಾನು ನೋಡಿದ ಅತ್ಯಂತ ರೋಚಕ ಥ್ರಿಲ್ಲರ್ ಅದು, ಭಾವನ ಮುಖದ ಮೇಲೆ ನಡೆದದ್ದು. ಹೊರಗೆ ಬಂದು, ‘ಇಷ್ಟು ಸರಿಯಾಗಿ ನಮ್ಮ ಇಲಾಖೆ ಬಗ್ಗೆ ಯಾರೂ ಸಿನಿಮಾ ತೆಗೆದಿರಲಿಲ್ಲ’ ಎಂದರು. ಲೊಕಾರ್ನೊದ ತೀರ್ಪುಗಾರರಿಗೆ ಇದು ಹೊಳೆದಿರಲಾರದು.

ಅತ್ತೆಯ ಪ್ರಸಂಗ ಇನ್ನೂ ಚೆಂದ. ಬನಶಂಕರಿಯ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳು 1970ರ ದಶಕದಿಂದ ಬೆಂಗಳೂರಿಗೆ ಲೋಕದ ಚಿತ್ರಗಳನ್ನು ತೋರಿಸುತ್ತ ಬಂದಿವೆ. ಅಂಥದೊಂದು ಕಡೆ ಇರಾನಿನ ಮಜೀದ್ ಮಜೀದಿ ನಿರ್ದೇಶಿಸಿದ ‘ಚಿಲ್ಡ್ರನ್ ಆಫ್ ಹೆವನ್’ ಇತ್ತು. ತಂಗಿಯ ಮಗನ ಜೊತೆ ಹೋಗಬೇಕಿದ್ದ ಸ್ನೇಹಿತ ಕೈಕೊಟ್ಟಿದ್ದರಿಂದ ಅತ್ತೆ ಹೋದರು. ಫಾರಸಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಅತ್ತೆಗೆ ಎರಡೂ ಬಾರದು. ಅಣ್ಣ ತಂಗಿಯ ಶೂ ಕಳೆದುಹಾಕುತ್ತಾನೆ, ಇಬ್ಬರೂ ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಓಡುತ್ತಾರೆ. ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ಶೂ ಎಂದು ತಿಳಿದು ಹುಡುಗ ಮೂರನೆಯವನಾಗಲು ಓಡಿ, ಕೈತಪ್ಪಿ ಮೊದಲನೆಯವನಾಗಿಬಿಡುತ್ತಾನೆ. ‘ಫಸ್ಟ್ ಬಂದೆ ಅಂತ ಅಳೋ ಮಗೂನ ಇವತ್ತೇ ನೋಡಿದ್ದು’ ಎಂದು ಅತ್ತೆ ಮೂಗು ಒರೆಸಿಕೊಂಡರಂತೆ. ಇವನು ಕ್ಯಾಮೆರಾ ಕೋನ, ವಾಸ್ತವವಾದ ಎಂದು ಶುರುಮಾಡಿದಾಗ, ‘ಅದೆಲ್ಲ ಇರಲಿ, ಅವರಪ್ಪ ಹೊಸ ಶೂ ತಗೊಂಡು ಸೈಕಲ್ಲಿಗೆ ಸಿಗಿಸಿದ್ನಲ್ಲ, ನೋಡಿದ್ಯಾ?’ ಎಂದರು. ಅವನು ನೋಡಿರಲಿಲ್ಲ. ಫ್ರೇಮ್ ನೋಡುತ್ತಿದ್ದ.

ಭರತ ಎರಡು ಬಗೆಯ ಯಶಸ್ಸು ಹೇಳುತ್ತಾನೆ. ಒಂದು ಮನುಷ್ಯರದು: ನಗು, ಚಪ್ಪಾಳೆ, ಮೈ ನವಿರೇಳುವುದು, ಎದ್ದು ನಿಲ್ಲುವುದು, ಖುಷಿಯಲ್ಲಿ ಉಂಗುರ, ಬಟ್ಟೆ ಬಿಚ್ಚಿ ಎಸೆಯುವುದು. ನಮ್ಮವರು ಚಿಲ್ಲರೆ ಕಾಸು, ಹರಿದ ಪೇಪರು ಎಸೆದು ಆ ಸಂಪ್ರದಾಯವನ್ನು ಅಗ್ಗದಲ್ಲಿ ಉಳಿಸಿಕೊಂಡರು. ಇನ್ನೊಂದು ದೇವತೆಗಳದು: ಮಂದಿರ ತುಂಬಿದೆ, ಆದರೆ ಸದ್ದಿಲ್ಲ, ಅಲುಗಾಟವಿಲ್ಲ. ಇದನ್ನು 2022ರ ‘ಕಾಂತಾರ’ದ ಕೊನೆಯಲ್ಲಿ ನಾನು ಕಂಡೆ. ಅಲ್ಲಿಯವರೆಗೆ ಶಿಳ್ಳೆ ಹಾಕುತ್ತಿದ್ದ ಬಾಲ್ಕನಿ ದೈವ ಬಂದ ಮೇಲೆ ಉಸಿರು ಬಿಗಿಹಿಡಿದಿತ್ತು. ನನ್ನ ಎಡಕ್ಕೆ ಕಾರ್ಕಳದ ಕಡೆಯ ಸಹೋದ್ಯೋಗಿ, ಚಪ್ಪಲಿ ಬಿಟ್ಟು ಕೂತಿದ್ದರು. ಬಲಕ್ಕೆ ಒಬ್ಬ ಹುಡುಗ, ಮೊಬೈಲ್ ಎತ್ತಿ ರೆಕಾರ್ಡ್ ಮಾಡುತ್ತಿದ್ದ. ಇಬ್ಬರ ಟಿಕೆಟ್ಟಿನ ಬೆಲೆ ಒಂದೇ. ಆಮೇಲೆ ದೈವದ ಆ ಕೂಗನ್ನು ಕಂಡಕಂಡಲ್ಲಿ ಅನುಕರಿಸಬೇಡಿ ಎಂದು ಚಿತ್ರತಂಡವೇ ಕೈಮುಗಿಯಬೇಕಾಯಿತು. ಕೆಲವರಿಗೆ ನೋಡುವುದರಲ್ಲಿ ತೃಪ್ತಿ ಇಲ್ಲ, ಮಾಡಿ ತೋರಿಸಬೇಕು.

ಇಷ್ಟೆಲ್ಲ ವಿಮರ್ಶಕರಲ್ಲಿ ನನಗೆ ಪೂರ್ತಿ ನಂಬಿಕೆ ಇದ್ದದ್ದು ನಮ್ಮೂರ ಟಾಕೀಸಿನ ಕ್ಯಾಂಟೀನಿನವರ ಮೇಲೆ. ಒಂದು ಚಿತ್ರವನ್ನೂ ಒಳಗೆ ಹೋಗಿ ನೋಡಿದವರಲ್ಲ. ಹಾಡು ಬಂದಾಗ ಬೀಡಿ ಸೇದಲು ಎಷ್ಟು ಜನ ಆಚೆ ಬರುತ್ತಾರೆ, ಇಂಟರ್ವಲ್ಲಿನಲ್ಲಿ ಬೋಂಡ ತಿನ್ನುವಾಗ ಮಾತಾಡುತ್ತಾರೋ ಸುಮ್ಮನಿರುತ್ತಾರೋ, ಬೆಲ್ ಹೊಡೆದ ಮೇಲೆ ಟೀ ಬಿಟ್ಟು ಓಡುತ್ತಾರೋ ಕುಡಿದು ಮುಗಿಸುತ್ತಾರೋ, ಇಷ್ಟು ಸಾಕು ಅವರಿಗೆ. ‘ಸಿನಿಮಾ ಚೆನ್ನಾಗಿದ್ರೆ ನನ್ನ ವ್ಯಾಪಾರ ಹಾಳು ಸಾರ್’ ಎನ್ನುತ್ತಿದ್ದರು. ಸೈಕಲ್ ಸ್ಟ್ಯಾಂಡಿನವನದು ಇನ್ನೂ ಕಠಿಣ ಪರೀಕ್ಷೆ. ಕೊನೆಯ ಹತ್ತು ನಿಮಿಷ ಇರುವಾಗಲೇ ರಶ್ಶು ತಪ್ಪಿಸಿಕೊಳ್ಳಲು ಗಾಡಿ ತೆಗೆಯಲು ಬರುವ ಒಂದು ಜಾತಿ ಇದೆಯಲ್ಲ, ಅವರೂ ಬರಲಿಲ್ಲ ಎಂದರೆ ಚಿತ್ರ ಶತದಿನ. ಆ ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ.

ಈಗ ಮನೆಯಲ್ಲಿ ತಲೆಗೊಂದು ತೆರೆ. ನೀವು ಅಂಥದ್ದನ್ನು ನೋಡಿದಿರಿ, ಆದ್ದರಿಂದ ಅಂಥದ್ದೇ ಇನ್ನೊಂದು ತಗೊಳ್ಳಿ ಎಂದು ಟಿವಿಯೇ ಎತ್ತಿ ಕೊಡುತ್ತದೆ. ತಂಗಿಯ ಮಗನಿಗೆ ಕೊರಿಯಾ, ಅತ್ತೆಗೆ ಸಂಸಾರ, ಭಾವನಿಗೆ ಕೋರ್ಟು ಕಚೇರಿ. ಯಾರಿಗೂ ಯಾರನ್ನೂ ಸಹಿಸಿಕೊಳ್ಳುವ ಕಷ್ಟವಿಲ್ಲ. ಚಿತ್ರವನ್ನು ನಿಲ್ಲಿಸಿ, ನಂಬರ್ ಪ್ಲೇಟ್ ಓದಿ, ಹಿಂದಕ್ಕೆ ಓಡಿಸಿ ಮತ್ತೆ ಓದುವ ಸೌಲಭ್ಯ ಬಂದ ಮೇಲೆ ಚಿಕ್ಕಪ್ಪ ಹಿಗ್ಗುತ್ತಾರೆಂದು ಎಣಿಸಿದ್ದೆ. ಹಿಗ್ಗಲಿಲ್ಲ. ಹೇಳಿದರೆ ಸಿಡುಕುವವರು ಪಕ್ಕದಲ್ಲಿಲ್ಲದೆ ಅವರಿಗೆ ತಪ್ಪು ಹುಡುಕುವ ಉಮೇದೇ ಇಳಿದುಹೋಗಿದೆ. ಮಾವನಿಗಂತೂ ನಿದ್ದೆಯೇ ಇಲ್ಲ.

ಹಾಗಾಗಿ ಮೊನ್ನೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊಸ ಚಿತ್ರವೊಂದಕ್ಕೆ ಹೋದೆವು. ಹೆಸರು ಹೇಳಿದರೆ ಕೊನೆ ಹೇಳಿಬಿಟ್ಟಂತಾಗುತ್ತದೆ, ಬೇಡ. ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ ಜಗಳಕ್ಕೆ ಕೂತೆವು. ಸಿನಿಮಾ ನಿಜವಾಗಿ ಶುರುವಾಗುವುದು ಇಲ್ಲೇ. ಕಾರಿನ ನಂಬರು ತಪ್ಪು, ಬಿಜಿಎಂ ಅದ್ಭುತ, ಆ ಹುಡುಗಿ ಅವನ ಸ್ವಂತ ತಂಗಿಯಲ್ಲ, ಜಮೀನಿನ ಕ್ರಯಪತ್ರ ಊರ್ಜಿತವಾಗುವುದಿಲ್ಲ, ಆರಾಮಾಯ್ತು ಎಂದು ಐದೂ ಕಡೆಯಿಂದ ವಾದ. ಕಾಫಿ ತಂದಿಟ್ಟ ಹುಡುಗ ಸ್ವಲ್ಪ ಹೊತ್ತು ನಿಂತು ಕೇಳಿ, ‘ನಾನೂ ಇವತ್ತು ರಾತ್ರಿ ಸೆಕೆಂಡ್ ಶೋಗೆ ಹೋಗ್ತಿದೀನಿ ಸಾರ್. ಕೊನೇಲಿ ಹೀರೋ ಉಳೀತಾನಾ?’ ಎಂದ.

‘ಅದು ಮುಖ್ಯ ಅಲ್ಲ ಬ್ರೋ. ಅಲ್ಲಿಗೆ ಹೇಗೆ ಹೋಗ್ತಾನೆ ಅನ್ನೋದು ಮುಖ್ಯ’ ಎಂದ ತಂಗಿಯ ಮಗ.

‘ನನಗೆ ಅದೇ ಮುಖ್ಯ ಸಾರ್. ಸಿನಿಮಾ ಬಿಟ್ಟ ಮೇಲೆ ಒಂದು ಗಂಟೆ ರಾತ್ರೀಲಿ ರೂಮಿಗೆ ಒಬ್ಬನೇ ನಡ್ಕೊಂಡು ಹೋಗ್ಬೇಕು.’

ಯಾರೂ ಬಾಯಿ ಬಿಡಲಿಲ್ಲ. ಅತ್ತೆ ಲೋಟ ಕೆಳಗಿಟ್ಟು, ‘ಕೊನೇ ಹತ್ತು ನಿಮಿಷ ಇರುವಾಗಲೇ ಎದ್ದು ಹೊರಟುಬಿಡಪ್ಪ’ ಎಂದರು. ‘ಅಲ್ಲೀವರೆಗೂ ಚೆನ್ನಾಗೇ ಇದ್ದಾನೆ.’